ಟೇಪು ಮೊದಲು, ಮೋಟಾರು ಆಮೇಲೆ

ತುಮಕೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಒಬ್ಬ ನಿವೃತ್ತ ಮೇಷ್ಟ್ರ ಮನೆಗೆ ಹೋಗಿದ್ದೆ. ಪಾರ್ಶ್ವವಾಯು ಹೊಡೆದು ಅವರ ಎಡಗೈ, ಎಡಗಾಲು ಸ್ವಾಧೀನ ತಪ್ಪಿದ್ದವು. ಬೆಂಗಳೂರಿನಲ್ಲಿದ್ದ ಮಗ ಅಪ್ಪ ಮತ್ತೆ ಓಡಾಡಲಿ ಎಂದು ಒಳ್ಳೆಯ ವಿದ್ಯುತ್ ವೀಲ್‌ಚೇರನ್ನೇ ತರಿಸಿಕೊಟ್ಟಿದ್ದ. ನಾನು ಹೋದಾಗ ಅದು ಜಗಲಿಯ ಮೂಲೆಯಲ್ಲಿ ಹಳೆಯ ಸೀರೆ ಹೊದ್ದು ನಿಂತಿತ್ತು. ಕೆಟ್ಟಿರಲಿಲ್ಲ. ಕುರ್ಚಿಯ ಅಗಲ 26 ಇಂಚು, ಬಚ್ಚಲುಮನೆಯ ಬಾಗಿಲು 24 ಇಂಚು, ನಡುಮನೆಯ ಹೊಸ್ತಿಲು ನಾಲ್ಕು ಇಂಚು ಎತ್ತರ. ‘ಕುರ್ಚಿ ಚೆನ್ನಾಗೇ ಐತೆ ಮೇಡಂ, ನಮ್ಮನೆಗೆ ಆಗಲಿಲ್ಲ ಅಷ್ಟೆ’ ಎಂದರು ಮೇಷ್ಟ್ರು.

ಫಿಸಿಯೋಥೆರಪಿ ಮಾಡಿಕೊಂಡು, ಕಲಿಸಿಕೊಂಡು ಬಂದ ಇಷ್ಟು ವರ್ಷಗಳಲ್ಲಿ ಹೀಗೆ ಹೊದಿಸಿಟ್ಟ ಕುರ್ಚಿಗಳನ್ನು ಹಲವು ಮನೆಗಳಲ್ಲಿ ಕಂಡಿದ್ದೇನೆ. ಕೊಂಡವರು ಮೋಟಾರಿನ ಶಕ್ತಿ ವಿಚಾರಿಸಿರುತ್ತಾರೆ, ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್ ಎಂದು ಕೇಳಿರುತ್ತಾರೆ, ಬೆಲೆ ಚೌಕಾಸಿ ಮಾಡಿರುತ್ತಾರೆ. ಕೂರುವವರ ಸೊಂಟದ ಅಗಲವನ್ನಾಗಲಿ ಬಾಗಿಲಿನ ಅಗಲವನ್ನಾಗಲಿ ಅಳೆದಿರುವುದಿಲ್ಲ. ಆದ್ದರಿಂದ ನೀವು ಈಗಷ್ಟೇ ಈ ವಿಷಯಕ್ಕೆ ಬಂದವರಾದರೆ, ಅಂಗಡಿಗೆ ಹೊರಡುವ ಮುಂಚೆ ಒಂದು ಟೇಪು, ಒಂದು ಹಾಳೆ, ಒಂದು ಪೆನ್ಸಿಲ್ ತೆಗೆದುಕೊಂಡು ಕೂತುಕೊಳ್ಳಿ. ನಿಧಾನವಾಗಿ ನೋಡೋಣ.

ಎಲ್ಲರಿಗೂ ವಿದ್ಯುತ್ ಕುರ್ಚಿಯೇ ಆಗಬೇಕೆಂದಿಲ್ಲ. ಕೈ, ಭುಜ ಗಟ್ಟಿಯಿರುವವರಿಗೆ ಮೈಗೆ ಹೊಂದುವ ಹಗುರವಾದ ಕೈಗಾಲಿಯ ಕುರ್ಚಿಯೇ ಎಷ್ಟೋ ಅನುಕೂಲ. ಎತ್ತಿ ಕಾರಿಗೆ ಹಾಕಬಹುದು, ಕೆಡುವುದು ಕಡಿಮೆ. ಆದರೆ ಚಕ್ರ ತಳ್ಳುವಷ್ಟು ಕೈಬಲ ಇಲ್ಲದವರು, ನಾಲ್ಕು ಮಾರು ತಳ್ಳುವಷ್ಟರಲ್ಲಿ ಉಸಿರು ಕಟ್ಟುವವರು, ವರ್ಷಗಟ್ಟಲೆ ತಳ್ಳಿ ಭುಜದ ಕೀಲು ಸವೆಸಿಕೊಂಡವರು, ಇವರಿಗೆ ಮೋಟಾರು ಆಡಂಬರವಲ್ಲ. ‘ಮೋಟಾರು ಕೊಟ್ಟರೆ ಸೋಮಾರಿ ಆಗ್ತಾರೆ’ ಎಂಬ ಮಾತು ಮನೆಮನೆಯಲ್ಲೂ ಬರುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಅಡುಗೆಮನೆಗೆ ಹೋಗುವುದರಲ್ಲೇ ದಿನದ ಶಕ್ತಿಯೆಲ್ಲ ಮುಗಿದರೆ ಅಡುಗೆ ಮಾಡುವವರು ಯಾರು? ಮಕ್ಕಳ ವಿಷಯದಲ್ಲಂತೂ ಈ ಅಂಜಿಕೆ ಬೇಡವೇ ಬೇಡ. ನಡೆಯಲಾಗದ ಎರಡು ಮೂರು ವರ್ಷದ ಮಕ್ಕಳೂ ದೊಡ್ಡವರ ಕಣ್ಗಾವಲಿನಲ್ಲಿ ಇಂಥ ಕುರ್ಚಿ ನಡೆಸಲು ಕಲಿಯುತ್ತವೆ. ತಾನೇ ಹೋಗಿ ಬೆಕ್ಕನ್ನು ಮುಟ್ಟಿ ಬಂದ ಮಗುವಿನ ಮುಖ ನೋಡಿದವರು ಸೋಮಾರಿತನದ ಮಾತನ್ನು ಮತ್ತೆ ಆಡುವುದಿಲ್ಲ.

ಈಗ ಟೇಪು ಹಿಡಿಯಿರಿ. ಮೊದಲ ಅಳತೆ ಮೈಯದು. ಕೂರುವವರನ್ನು ಗಟ್ಟಿಯಾದ ಸಾದಾ ಕುರ್ಚಿಯ ಮೇಲೆ ನೇರವಾಗಿ ಕೂರಿಸಿ, ಸೊಂಟ ಅತಿ ಅಗಲವಿರುವ ಕಡೆ ಅಳೆಯಿರಿ. ಸೀಟಿನ ಅಗಲ ಅದಕ್ಕಿಂತ ಒಂದು ಇಂಚಿನಷ್ಟು ಹೆಚ್ಚಿದ್ದರೆ ಸಾಕು. ‘ಆರಾಮಾಗಿರಲಿ’ ಎಂದು ಅಗಲದ ಸೀಟು ತಂದರೆ ಮೈ ಒಂದು ಕಡೆಗೆ ವಾಲುತ್ತದೆ, ತಿಂಗಳುಗಟ್ಟಲೆ ವಾಲಿ ಕೂತರೆ ಬೆನ್ನುಮೂಳೆಯೂ ವಾಲುತ್ತದೆ. ಜೊತೆಗೆ ಸೀಟು ಅಗಲವಾದಷ್ಟೂ ಕುರ್ಚಿ ಅಗಲ, ಕುರ್ಚಿ ಅಗಲವಾದಷ್ಟೂ ಬಾಗಿಲು ದೂರ. ಆಮೇಲೆ ಸೀಟಿನ ಆಳ. ಕುಂಡೆಯ ಹಿಂಬದಿಯಿಂದ ಮಂಡಿಯ ಹಿಂದಿನ ಮಡಿಕೆಯವರೆಗೆ ಅಳೆದು, ಎರಡು ಮೂರು ಬೆರಳಿನಷ್ಟು ಕಳೆಯಿರಿ. ಸೀಟು ಇದಕ್ಕಿಂತ ಆಳವಾದರೆ ಅಂಚು ಮಂಡಿಯ ಹಿಂದೆ ಒತ್ತುತ್ತದೆ. ಅದನ್ನು ತಪ್ಪಿಸಿಕೊಳ್ಳಲು ಮನುಷ್ಯ ಮುಂದೆ ಮುಂದೆ ಜಾರಿ ಗೂನು ಹಾಕಿ ಕೂರುತ್ತಾನೆ. ಪಾದ ಇಡುವ ಹಲಗೆ ತೀರ ಮೇಲಿದ್ದರೆ ಮಂಡಿಗಳು ಎದ್ದು, ಭಾರವೆಲ್ಲ ಕುಂಡೆಯ ಎರಡು ಮೂಳೆಗಳ ಮೇಲೆ ಬೀಳುತ್ತದೆ. ತೀರ ಕೆಳಗಿದ್ದರೆ ಕಾಲು ಜೋತು ತೊಡೆಯಡಿ ಒತ್ತುತ್ತದೆ. ಕೈ ಇಡುವ ಪಟ್ಟಿಯ ಎತ್ತರ ಮೊಣಕೈಗೆ ಸರಿಯಾಗಿರಲಿ, ಇಲ್ಲವಾದರೆ ಭುಜ ನೋಯುತ್ತದೆ.

ಆ ಎರಡು ಮೂಳೆಗಳ ಮಾತು ಬಂತಲ್ಲ, ಅಲ್ಲಿ ಸ್ವಲ್ಪ ನಿಲ್ಲೋಣ. ನಾವೆಲ್ಲ ಕೂತಲ್ಲೇ ಗೊತ್ತಿಲ್ಲದಂತೆ ಆಗಾಗ ಅತ್ತಿತ್ತ ಸರಿಯುತ್ತೇವೆ. ಬೆನ್ನುಹುರಿಗೆ ಪೆಟ್ಟು ಬಿದ್ದು ಸೊಂಟದ ಕೆಳಗೆ ಸ್ಪರ್ಶವೇ ತಿಳಿಯದವರಿಗೆ ಸರಿಯಬೇಕೆಂಬ ಸೂಚನೆಯೇ ಬರುವುದಿಲ್ಲ. ಒಂದೇ ಜಾಗದಲ್ಲಿ ಗಂಟೆಗಟ್ಟಲೆ ಒತ್ತಡ ಬಿದ್ದು ರಕ್ತ ಹರಿಯದೆ ಚರ್ಮ ಸಾಯುತ್ತದೆ. ಹಾಸಿಗೆ ಹುಣ್ಣು ಎನ್ನುತ್ತೇವೆ, ಆದರೆ ಅದು ಕುರ್ಚಿಯಲ್ಲೂ ಆಗುತ್ತದೆ, ಮಾಯಲು ತಿಂಗಳುಗಳು ಬೇಕು, ಪ್ರಾಣಕ್ಕೂ ಕುತ್ತು ತರಬಲ್ಲದು. ಕುರ್ಚಿಯ ಜೊತೆ ಸಾಮಾನ್ಯವಾಗಿ ಬರುವ ತೆಳು ಸ್ಪಂಜು ಇವರಿಗೆ ಸಾಲದು. ಒಳ್ಳೆಯ ಫೋಮ್, ಜೆಲ್, ಗಾಳಿ ತುಂಬುವ ಕೋಶಗಳ ಕುಶನ್ ಎಂದು ಹಲವು ಬಗೆಗಳಿವೆ. ಯಾರಿಗೆ ಯಾವುದೆಂದು ಥೆರಪಿಸ್ಟ್ ನೋಡಿ ಹೇಳಬೇಕು. ದುಡ್ಡು ಉಳಿಸಲೇಬೇಕಾದರೆ ಮೋಟಾರಿನಲ್ಲಿ ಉಳಿಸಿ, ಕುಶನ್‌ನಲ್ಲಿ ಬೇಡ. ಗಾಳಿಯ ಕುಶನ್ ಕೊಂಡರೆ ಗಾಳಿ ಸರಿಯಾಗಿದೆಯೇ ಎಂದು ದಿನವೂ ನೋಡುವವರು ಮನೆಯಲ್ಲಿ ಒಬ್ಬರಿರಲಿ.

ತಾವಾಗಿ ಮೈ ಎತ್ತಿ ಒತ್ತಡ ಇಳಿಸಿಕೊಳ್ಳಲಾಗದವರಿಗೆ ಸೀಟೇ ವಾಲುವ ಕುರ್ಚಿಗಳಿವೆ. ಇದರಲ್ಲಿ ಎರಡು ಬಗೆ, ಅಂಗಡಿಯವರೂ ಒಮ್ಮೊಮ್ಮೆ ಕಲಸಿ ಹೇಳುತ್ತಾರೆ. ಬೆನ್ನಿನ ಹಲಗೆ ಮಾತ್ರ ಹಿಂದಕ್ಕೆ ಮಲಗುವುದು ರಿಕ್ಲೈನ್. ಕೂತ ಭಂಗಿ ಹಾಗೆಯೇ ಉಳಿದು ಸೀಟು, ಬೆನ್ನು ಎರಡೂ ಒಟ್ಟಿಗೆ ಹಿಂದಕ್ಕೆ ವಾಲುವುದು ಟಿಲ್ಟ್. ಬರೀ ರಿಕ್ಲೈನ್‌ನಲ್ಲಿ ಮೈ ಜಾರಿ ಚರ್ಮ ಉಜ್ಜುತ್ತದೆ. ಟಿಲ್ಟ್‌ನಲ್ಲಿ ಭಾರ ಕುಂಡೆಯಿಂದ ಬೆನ್ನಿಗೆ ವರ್ಗವಾಗುತ್ತದೆ, ಜಾರುವುದು ಕಡಿಮೆ. ಮೋಟಾರ್ ನ್ಯೂರಾನ್ ಕಾಯಿಲೆ, ಸ್ನಾಯುಕ್ಷಯದಂಥ ಏರುತ್ತ ಹೋಗುವ ತೊಂದರೆ ಇರುವವರು ಇವತ್ತಿನ ಶಕ್ತಿಗೆ ತಕ್ಕಂತೆ ಕೊಳ್ಳದಿರುವುದು ಲೇಸು. ಇನ್ನೆರಡು ವರ್ಷಕ್ಕೆ ಏನು ಬೇಕಾಗಬಹುದೆಂದು ವೈದ್ಯರನ್ನು ಕೇಳಿ, ಟಿಲ್ಟ್ ಆಮೇಲೆ ಸೇರಿಸಬಹುದಾದ, ನಡೆಸುವ ಹಿಡಿಯಾದ ಜಾಯ್‌ಸ್ಟಿಕ್ ಬದಲಿಸಬಹುದಾದ ಕುರ್ಚಿ ನೋಡಿ. ಆ ಪ್ರಶ್ನೆ ಕೇಳುವುದು ಕಷ್ಟ, ನನಗೆ ಗೊತ್ತು. ಆದರೆ ಎರಡು ಸಲ ಕುರ್ಚಿ ಕೊಳ್ಳುವ ಶಕ್ತಿ ಬಹಳ ಮನೆಗಳಿಗಿಲ್ಲ.

ಯಂತ್ರದ ವಿಷಯಕ್ಕೆ ಬರೋಣ. ಎರಡನೇ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಗಾಯವಾಗಿ ಮರಳಿದ ಸೈನಿಕರಿಗಾಗಿ ಕೆನಡಾದ ಎಂಜಿನಿಯರ್ ಜಾರ್ಜ್ ಕ್ಲೈನ್ ಮತ್ತು ಸಂಗಡಿಗರು ವಿದ್ಯುತ್ ಕುರ್ಚಿಯನ್ನು ರೂಪಿಸಿದರು. ಎಡಚಕ್ರಕ್ಕೊಂದು, ಬಲಚಕ್ರಕ್ಕೊಂದು ಬೇರೆ ಬೇರೆ ಚಾಲನೆ, ಎರಡನ್ನೂ ಆಳುವ ಒಂದು ಜಾಯ್‌ಸ್ಟಿಕ್, ಇದು ಅವರ ಉಪಾಯ. ಇವತ್ತಿನ ಕುರ್ಚಿಯೂ ಹಾಗೆಯೇ ನಡೆಯುತ್ತದೆ. ಒಂದು ಚಕ್ರ ನಿಧಾನವಾಗಿ, ಇನ್ನೊಂದು ಬೇಗ ತಿರುಗಿದರೆ ಕುರ್ಚಿ ಹೊರಳುತ್ತದೆ. ಮೋಟಾರು ಇರುವ ಚಕ್ರ ಎಲ್ಲಿದೆ ಎಂಬುದರ ಮೇಲೆ ನಡೆಯ ಗುಣ ಬದಲಾಗುತ್ತದೆ. ಹಿಂಚಕ್ರದಲ್ಲಿದ್ದರೆ ನೇರ ರಸ್ತೆಯಲ್ಲಿ ಭದ್ರ, ಆದರೆ ತಿರುಗಲು ಜಾಗ ಜಾಸ್ತಿ ಬೇಕು. ನಮ್ಮಲ್ಲಿ ಸಿಗುವ ಮಡಚುವ ಕುರ್ಚಿಗಳಲ್ಲಿ ಹೆಚ್ಚಿನವು ಈ ಬಗೆಯವೇ. ನಡುಚಕ್ರದವು ನಿಂತಲ್ಲೇ ಬುಗುರಿಯಂತೆ ತಿರುಗುತ್ತವೆ, ಇಕ್ಕಟ್ಟಿನ ಮನೆಗೆ ಹೇಳಿ ಮಾಡಿಸಿದಂಥವು. ಆದರೆ ತಗ್ಗುದಿಣ್ಣೆ ಬಂದಾಗ ಹಿಂದಿನ, ಮುಂದಿನ ಪುಟ್ಟ ಚಕ್ರಗಳು ದಿಣ್ಣೆಗೆ ತಾಗಿ ನಡುಚಕ್ರ ನೆಲ ಬಿಟ್ಟು ಸುಮ್ಮನೆ ತಿರುಗಬಹುದು. ಮುಂಚಕ್ರದವು ಸಣ್ಣ ಅಡ್ಡಿಗಳನ್ನು ಚೆನ್ನಾಗಿ ಹತ್ತುತ್ತವೆ, ವೇಗದಲ್ಲಿ ಹಿಂಭಾಗ ಅಡ್ಡ ಸೆಳೆಯುವುದರಿಂದ ಕೈ ಪಳಗಬೇಕು.

ಎರಡನೆಯ ಅಳತೆ ಮನೆಯದು. ಬಾಗಿಲನ್ನು ಪೂರ್ತಿ ತೆರೆದು, ಕದದ ಮುಖದಿಂದ ಎದುರಿನ ಚೌಕಟ್ಟಿನವರೆಗೆ ಅಳೆಯಿರಿ. ಗೋಡೆಯಿಂದ ಗೋಡೆಗೆ ಅಳೆದರೆ ಕದದ ದಪ್ಪ ನಿಮ್ಮನ್ನು ಏಮಾರಿಸುತ್ತದೆ. ಹಜಾರದಿಂದ ಕೋಣೆಗೆ ಹೊರಳುವ ಮೂಲೆ, ಮಂಚ ಗೋಡೆಗಳ ನಡುವಿನ ಸಂದು, ಕಮೋಡಿನ ಪಕ್ಕದ ಜಾಗ, ಎಲ್ಲವನ್ನೂ ಬರೆದುಕೊಳ್ಳಿ. ಸಾರ್ವಜನಿಕ ಕಟ್ಟಡಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ಮಾರ್ಗಸೂಚಿ 900 ಮಿಲಿಮೀಟರ್ ಬಾಗಿಲನ್ನೂ, ತಿರುಗಲು 1,500 ಮಿಲಿಮೀಟರ್ ಜಾಗವನ್ನೂ ಕೇಳುತ್ತದೆ. ಹಳೆಯ ಮನೆಗಳಲ್ಲಿ ಅದು ಸಿಗುವುದು ಅಪರೂಪ. ಆಗ ಎರಡೇ ದಾರಿ. ಕಿರಿದಾದ ಕುರ್ಚಿ ಹುಡುಕುವುದು, ಇಲ್ಲವೇ ಬಾಗಿಲು ಅಗಲಿಸುವುದು. ಎಷ್ಟೋ ಸಲ ಕದ ತೆಗೆದು ಪರದೆ ಕಟ್ಟಿದರೆ ಬೇಕಾದ ಒಂದೂವರೆ ಇಂಚು ಸಿಕ್ಕಿಬಿಡುತ್ತದೆ. ಮಂಚದ ಎತ್ತರವೂ ಸೀಟಿನ ಎತ್ತರವೂ ಸಮ ಇದ್ದರೆ ಅಲ್ಲಿಂದಿಲ್ಲಿಗೆ ಸರಿಯುವುದು ಸುಲಭ, ಕೈಪಟ್ಟಿ ಮೇಲೆತ್ತುವಂತಿರಬೇಕು.

ಇನ್ನು ಹೊಸ್ತಿಲು. ಅರಿಶಿನ ಕುಂಕುಮ ಇಟ್ಟು ಪೂಜಿಸುವ ಹೊಸ್ತಿಲನ್ನು ಕೀಳಿಸಿ ಎಂದು ನಾನು ಯಾರಿಗೂ ಹೇಳಿಲ್ಲ, ಹೇಳಬೇಕಾಗಿಯೂ ಇಲ್ಲ. ಎರಡೂ ಬದಿಗೆ ಮರದ ಇಳಿಜಾರು ಹಲಗೆ ಮಾಡಿಸಿಟ್ಟರೆ ಹೊಸ್ತಿಲು ಹಾಗೇ ಉಳಿಯುತ್ತದೆ, ಬಡಗಿಗೆ ಅರ್ಧ ದಿನದ ಕೆಲಸ. ಮುಂಬಾಗಿಲಿನ ಮೆಟ್ಟಿಲಿಗೆ ಲೆಕ್ಕ ಬೇಕು. ಒಂದು ಇಂಚು ಏರಲು ಹನ್ನೆರಡು ಇಂಚು ಉದ್ದ ಎಂಬುದು ರೂಢಿಯ ನಿಯಮ. ಆರು ಇಂಚಿನ ಒಂದು ಮೆಟ್ಟಿಲಿಗೆ ಆರು ಅಡಿ ಇಳಿಜಾರು, ಅಂಥ ಮೂರು ಮೆಟ್ಟಿಲಿಗೆ ಹದಿನೆಂಟು ಅಡಿ. ಅಂಗಳದಲ್ಲಿ ಅಷ್ಟು ಜಾಗವಿಲ್ಲದಿದ್ದರೆ ಮಧ್ಯೆ ಚೌಕ ಬಿಟ್ಟು ಎಲ್ ಆಕಾರದಲ್ಲಿ ತಿರುಗಿಸಿ. ‘ನಮ್ಮ ಕುರ್ಚಿ ಇದಕ್ಕಿಂತ ಕಡಿದಾದ್ದನ್ನೂ ಹತ್ತುತ್ತೆ’ ಎಂದು ಮಾರುವವರು ಹೇಳಬಹುದು. ಮೋಟಾರು ಹತ್ತೀತು, ಆದರೆ ಕಡಿದಾದಷ್ಟೂ ಹಿಂದಕ್ಕೆ ಮಗುಚುವ ಅಪಾಯ ಹೆಚ್ಚು. ಕುರ್ಚಿಯ ಹಿಂದೆ ಮಗುಚದಂತೆ ತಡೆಯುವ ಪುಟ್ಟ ಚಕ್ರಗಳಿರುತ್ತವೆ, ಅಡ್ಡಿಯೆಂದು ಅವನ್ನು ಬಿಚ್ಚಿಸಬೇಡಿ. ಇಳಿಜಾರಿನ ಮೇಲ್ಮೈ ನುಣುಪು ಗ್ರಾನೈಟ್ ಆಗದಿರಲಿ. ಮಳೆಗಾಲದಲ್ಲಿ ಒರಟು ಸಿಮೆಂಟೇ ಕಾಪಾಡುವುದು.

ಹೊರಗೆ ಎಷ್ಟು ಓಡಾಟ? ಇದು ಮೂರನೆಯ ಪ್ರಶ್ನೆ, ಉತ್ತರ ಊರಿನಿಂದ ಊರಿಗೆ ಬೇರೆ. ವಿಜಯಪುರದ ಕಡೆಯ ಎರೆಮಣ್ಣು ಒಂದು ಮಳೆಗೆ ಚಕ್ರಕ್ಕೆ ಮೆತ್ತಿಕೊಂಡುಬಿಡುತ್ತದೆ. ಕರಾವಳಿಯ ಜಂಬಿಟ್ಟಿಗೆ ಅಂಗಳದಲ್ಲಿ ಪಾಚಿ ಜಾರುತ್ತದೆ. ಬೆಂಗಳೂರಿನ ಫುಟ್‌ಪಾತಿನಲ್ಲಿ ಚಪ್ಪಡಿ ಎದ್ದಿರುತ್ತದೆ. ಮುಂದಿನ ಪುಟ್ಟ ಚಕ್ರಗಳು ದೊಡ್ಡವಿದ್ದಷ್ಟೂ ಗುಂಡಿಯಲ್ಲಿ ಸಿಕ್ಕುವುದು ಕಡಿಮೆ. ಗಾಳಿಯ ಟೈರು ಮೆತ್ತಗೆ ಓಡುತ್ತದೆ, ಪಂಚರ್ ಆಗುತ್ತದೆ. ಗಟ್ಟಿ ರಬ್ಬರಿನದು ಪಂಚರ್ ಆಗದು, ಆದರೆ ಪ್ರತಿ ಕಲ್ಲಿನ ಏಟೂ ಬೆನ್ನಿಗೆ ತಲುಪುತ್ತದೆ. ಜಾಯ್‌ಸ್ಟಿಕ್ಕಿಗೆ ನೀರು ಹೋದರೆ ಕುರ್ಚಿ ನಿಂತೇಹೋಗಬಹುದು, ಹಾಗಾಗಿ ಮಳೆ ಬಂದಾಗ ಅದಕ್ಕೊಂದು ಪ್ಲಾಸ್ಟಿಕ್ ಕವರು ಜೇಬಿನಲ್ಲಿರಲಿ.

ಇಲ್ಲೇ ಒಂದು ಗೊಂದಲ ಬಿಡಿಸಬೇಕು. ಸರ್ಕಾರಿ ಶಿಬಿರಗಳಲ್ಲಿ ಕೊಡುವ ಬ್ಯಾಟರಿ ಚಾಲಿತ ಮೂರು ಚಕ್ರದ ಸೈಕಲ್ ವಿದ್ಯುತ್ ವೀಲ್‌ಚೇರ್ ಅಲ್ಲ. ಅದು ರಸ್ತೆಯ ಗಾಡಿ. ಸಂತೆಗೆ, ಅಂಗಡಿಗೆ ಹೋಗಲು ಬಲು ಉಪಯುಕ್ತ, ಮನೆಯೊಳಗೆ ಮಾತ್ರ ಬಾರದು. ಎರಡನ್ನೂ ಒಂದರಲ್ಲೇ ಬಯಸುವವರಿಗೆ ಬೇರೆ ಹಾದಿಯೂ ತೆರೆದಿದೆ. ಮದ್ರಾಸ್ ಐಐಟಿಯಲ್ಲಿ ಹುಟ್ಟಿದ ನಿಯೋಬೋಲ್ಟ್ ಎಂಬ ಮೋಟಾರಿನ ಜೋಡಣೆಯನ್ನು ಕೈಗಾಲಿಯ ಕುರ್ಚಿಯ ಮುಂದೆ ಸಿಕ್ಕಿಸಿದರೆ ರಸ್ತೆಯಲ್ಲಿ ಓಡುತ್ತದೆ, ಕಳಚಿದರೆ ಮನೆಯೊಳಗಿನ ಕುರ್ಚಿಯಾಗುತ್ತದೆ. ಇದು ಕೈಬಲ ಇರುವವರಿಗೆ ಹೊಂದುವಂಥದ್ದು. ದುಡಿಮೆಗೆ ಹೊರಗೆ ಹೋಗುವ ಯುವಕ ಯುವತಿಯರು ಇಂಥದ್ದನ್ನು ಒಮ್ಮೆ ನೋಡಿ ಬರಲಿ.

ಬ್ಯಾಟರಿ ಬಗ್ಗೆ ನಮ್ಮ ಜನಕ್ಕೆ ಹೊಸದಾಗಿ ಹೇಳುವುದು ಕಡಿಮೆ, ಮನೆಯ ಇನ್ವರ್ಟರ್ ಎಲ್ಲ ಕಲಿಸಿದೆ. ಹಳೆಯ ಬಗೆಯ ಸೀಸ-ಆಮ್ಲದ ಬ್ಯಾಟರಿಯಾದರೆ 12 ವೋಲ್ಟಿನ ಎರಡನ್ನು ಜೋಡಿಸಿ 24 ವೋಲ್ಟ್ ಮಾಡಿರುತ್ತಾರೆ. ಭಾರ ಹೆಚ್ಚು, ಬೆಲೆ ಕಡಿಮೆ. ಖಾಲಿಯಾದ ಸ್ಥಿತಿಯಲ್ಲಿ ವಾರಗಟ್ಟಲೆ ಬಿಟ್ಟರೆ ಸತ್ತೇಹೋಗುತ್ತದೆ, ಆದ್ದರಿಂದ ಬಳಸಿದರೂ ಬಳಸದಿದ್ದರೂ ಚಾರ್ಜು ತಪ್ಪಿಸಬೇಡಿ. ಲಿಥಿಯಂ ಹಗುರ, ಬಾಳಿಕೆ ಜಾಸ್ತಿ, ದುಬಾರಿ. 15, 20 ಕಿಲೋಮೀಟರ್ ಎಂದು ಪುಸ್ತಿಕೆಯಲ್ಲಿ ಬರೆದದ್ದು ಸಮತಟ್ಟು ನೆಲ, ಹೊಸ ಬ್ಯಾಟರಿಯ ಲೆಕ್ಕ. ನಮ್ಮ ಏರುತಗ್ಗಿನಲ್ಲಿ ಅದರ ಅರ್ಧವನ್ನೇ ನಂಬಿ ದಿನದ ಓಡಾಟ ಹಾಕಿಕೊಳ್ಳಿ.

ಹೊರದೇಶದಲ್ಲಿರುವ ಮಗಳ ಮನೆಗೋ, ದೆಹಲಿಗೋ ವಿಮಾನದಲ್ಲಿ ಹೋಗುವವರು ಇನ್ನೊಂದು ಲೆಕ್ಕ ಮಾಡಬೇಕು. ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರೆ ವಾಟ್-ಅವರ್ ಬರುತ್ತದೆ. ಕಳಚಿ ಒಯ್ಯುವ ಲಿಥಿಯಂ ಬ್ಯಾಟರಿ ಒಂದೇ ಆದರೆ 300 ವಾಟ್-ಅವರ್, ಎರಡಾದರೆ ತಲಾ 160 ಮೀರಬಾರದೆಂದು ಅಂತರರಾಷ್ಟ್ರೀಯ ವಿಮಾನಯಾನ ನಿಯಮ. 24 ವೋಲ್ಟ್, 12 ಆಂಪಿಯರ್-ಅವರ್ ಆದರೆ 288, ದಾಟಿತು. 20 ಆಂಪಿಯರ್-ಅವರ್ ಆದರೆ 480, ಬಾಗಿಲಲ್ಲೇ ತಡೆಯುತ್ತಾರೆ. ಟಿಕೆಟ್ ತೆಗೆಯುವಾಗಲೇ ವಿಮಾನ ಕಂಪನಿಗೆ ಹೇಳಿಡಿ.

ಜಾಯ್‌ಸ್ಟಿಕ್ ಯಾವ ಕೈಗೆ ಬೇಕೋ ಆ ಕಡೆ ಹಾಕಿಸಬಹುದೆಂಬುದು ಅನೇಕರಿಗೆ ತಿಳಿಯದು. ಬಲಗೈ ಸೋತವರೂ ಸಂಕೋಚಕ್ಕೆ ಬಿದ್ದು ಬಲಗಡೆಯದನ್ನೇ ಒಪ್ಪಿಕೊಂಡದ್ದನ್ನು ಕಂಡಿದ್ದೇನೆ. ಕೈ ನಡುಗುವವರಿಗೆ ಅದರ ಸೂಕ್ಷ್ಮತೆ ತಗ್ಗಿಸಬಹುದು, ವೇಗಕ್ಕೆ ಮಿತಿ ಇಡಬಹುದು. ಕೈಯೇ ಆಡದವರಿಗೆ ಗದ್ದದಿಂದ, ತಲೆಯಿಂದ, ಕೊಳವೆಯಲ್ಲಿ ಉಸಿರು ಎಳೆದು ಊದುವುದರಿಂದಲೂ ನಡೆಸುವ ವ್ಯವಸ್ಥೆಗಳಿವೆ. ಇವು ದುಬಾರಿ, ಸಾದಾ ಕುರ್ಚಿಗಳಿಗೆ ಕೂರುವುದೂ ಇಲ್ಲ. ನಮ್ಮ ಮೇಷ್ಟ್ರಂತೆ ಪಾರ್ಶ್ವವಾಯುವಾದವರಲ್ಲಿ ಕೆಲವರಿಗೆ ಎಡಬದಿಯ ಲೋಕವೇ ಗಮನಕ್ಕೆ ಬರುವುದಿಲ್ಲ. ಕಣ್ಣು ಸರಿಯಿರುತ್ತದೆ, ಆದರೆ ಎಡಗಡೆಯ ಚೌಕಟ್ಟಿಗೆ ಮತ್ತೆ ಮತ್ತೆ ಡಿಕ್ಕಿ. ಅಂಥವರಿಗೆ ಕುರ್ಚಿ ಕೊಡುವ ಮೊದಲು ಥೆರಪಿಸ್ಟ್ ಪರೀಕ್ಷೆ ಮಾಡಲೇಬೇಕು.

ಮನೆಯವರೆಲ್ಲ ತಿಳಿದಿರಬೇಕಾದ ಒಂದು ಸನ್ನೆಕೋಲು (ಲಿವರ್) ಕುರ್ಚಿಯ ಕೆಳಗೆ, ಮೋಟಾರಿನ ಬಳಿ ಇದೆ. ಜಾಯ್‌ಸ್ಟಿಕ್ ಬಿಟ್ಟ ಕೂಡಲೇ ಕುರ್ಚಿ ತಾನಾಗಿ ಬ್ರೇಕ್ ಹಾಕಿಕೊಳ್ಳುತ್ತದೆ. ಕೆಟ್ಟು ನಿಂತಾಗ ಕೈಯಿಂದ ತಳ್ಳಲೆಂದು ಆ ಸನ್ನೆಕೋಲು ಎಳೆದರೆ ಮೋಟಾರು ಚಕ್ರದಿಂದ ಬೇರೆಯಾಗುತ್ತದೆ, ಜೊತೆಗೆ ಆ ಬ್ರೇಕೂ ಹೋಗುತ್ತದೆ. ಇಳಿಜಾರಿನಲ್ಲಿ ಎಂದಿಗೂ ಅದನ್ನು ಮುಟ್ಟಬೇಡಿ. ಮಕ್ಕಳಿಗೂ ತೋರಿಸಿ ಹೇಳಿ.

ಹಣದ ವಿಷಯ. ಸಾದಾ ವಿದ್ಯುತ್ ಕುರ್ಚಿಗಳು ಅರ್ಧ ಲಕ್ಷದ ಆಸುಪಾಸಿನಿಂದ ಶುರುವಾಗುತ್ತವೆ. ಟಿಲ್ಟ್, ವಿಶೇಷ ನಿಯಂತ್ರಣ ಸೇರಿದರೆ ಲಕ್ಷಗಳಿಗೆ ಏರುತ್ತದೆ. ಮೊದಲು ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡ್ ಮಾಡಿಸಿಕೊಳ್ಳಿ, ಸರ್ಕಾರದ ಬಹುತೇಕ ನೆರವಿಗೆ ಅದೇ ಬಾಗಿಲು. ಕೇಂದ್ರದ ಎಡಿಐಪಿ ಯೋಜನೆಯಲ್ಲಿ, ಕಾನ್ಪುರದ ಅಲಿಂಕೋ ಸಂಸ್ಥೆಯ ಮೂಲಕ, ಆದಾಯ ಮತ್ತು ಅಂಗವೈಕಲ್ಯದ ಪ್ರಮಾಣ ನೋಡಿ ಸಾಧನಗಳನ್ನು ಕೊಡುತ್ತಾರೆ. ಹಳ್ಳಿಯವರು ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಿ, ಶಿಬಿರ ಯಾವಾಗ ಎಂದು ಅವರಿಗೆ ತಿಳಿದಿರುತ್ತದೆ. ಗ್ರಾಮ ಪಂಚಾಯಿತಿಯ ಹಣದಲ್ಲಿ ವಿಕಲಚೇತನರಿಗೆ ಮೀಸಲಿಟ್ಟ ಶೇ 5ರ ಪಾಲಿದೆ, ಅದರಲ್ಲಿ ಕೇಳಿ ಅರ್ಜಿ ಕೊಡಿ. ಬೆಂಗಳೂರಿನಲ್ಲಿ 1959ರಲ್ಲಿ ಎನ್. ಎಸ್. ಹೇಮಾ ಅವರು ಕಟ್ಟಿದ ಎಪಿಡಿ, 1994ರಲ್ಲಿ ಆರಂಭವಾದ ಮೊಬಿಲಿಟಿ ಇಂಡಿಯಾ, ಇವೆರಡೂ ಈ ಕೆಲಸದಲ್ಲಿ ಪಳಗಿದ ಸಂಸ್ಥೆಗಳು. ಬೆಲೆಯ ಜೊತೆಗೇ ಕೇಳಬೇಕಾದ ಪ್ರಶ್ನೆ ರಿಪೇರಿಯದು. ಮೆಕ್ಯಾನಿಕ್ ಯಾವ ಊರಿನಲ್ಲಿದ್ದಾನೆ? ಬಿಡಿಭಾಗ ಬರಲು ಎಷ್ಟು ದಿನ? ಅಲ್ಲಿಯವರೆಗೆ ಕೂರಲು ಏನು? ಇದಕ್ಕೆ ನೇರ ಉತ್ತರ ಕೊಡದವರ ಹತ್ತಿರ ಎಷ್ಟು ಅಗ್ಗಕ್ಕೆ ಸಿಕ್ಕರೂ ಕೊಳ್ಳದಿರುವುದು ವಾಸಿ. ರಿಪೇರಿಯ ದಿನಗಳಿಗೆ ಬೇಕಾಗುತ್ತದೆ, ಹಳೆಯ ಕೈಗಾಲಿಯ ಕುರ್ಚಿಯನ್ನು ಯಾರಿಗೂ ಕೊಟ್ಟುಬಿಡಬೇಡಿ.

ದುಡ್ಡು ಕೊಡುವ ಮುಂಚೆ ಕುರ್ಚಿಯನ್ನು ಮನೆಗೆ ತರಿಸಿ, ಇಲ್ಲವೇ ಕೂರುವವರನ್ನೇ ಅಂಗಡಿಗೆ ಕರೆದೊಯ್ಯಿರಿ. ಹತ್ತು ನಿಮಿಷ ಸಾಲದು, ಎರಡು ಗಂಟೆಯಾದರೂ ಕೂರಲಿ. ಊಟದ ಮೇಜಿನ ಕೆಳಗೆ ಮಂಡಿ ಹೋಗುತ್ತದೆಯೇ, ನಲ್ಲಿ ಕೈಗೆಟುಕುತ್ತದೆಯೇ, ಮಡಚಿದ ಕುರ್ಚಿಯನ್ನು ಮನೆಯವರು ಕಾರಿಗೆ ಎತ್ತಬಲ್ಲರೇ ನೋಡಿ. ಮಡಚುವಂಥದ್ದೂ ಇಪ್ಪತ್ತೈದು ಮೂವತ್ತು ಕಿಲೋ ತೂಗುತ್ತದೆ. ಅರವತ್ತು ದಾಟಿದ ಹೆಂಡತಿಯೊಬ್ಬಳೇ ಮನೆಯಲ್ಲಿದ್ದರೆ ಆ ಮಡಚುವಿಕೆಯಿಂದ ಏನೂ ಲಾಭವಿಲ್ಲ. ಯಾವ ಬಣ್ಣ, ಯಾವ ಕೈಪಟ್ಟಿ, ಎಲ್ಲಿಗೆ ಹೋಗಬೇಕು ಎಂಬುದನ್ನೆಲ್ಲ ಕೂರುವವರನ್ನೇ ಕೇಳಿ. ಅವರ ತಲೆಯ ಮೇಲಿಂದ ಮಗನ ಜೊತೆ ಮಾತಾಡುವ ಅಂಗಡಿಯವರನ್ನು ಅಲ್ಲೇ ತಡೆಯಿರಿ. ಮನೆಗೆ ಬಂದ ಮೇಲೆ ಮೊದಲ ವಾರ ಅತಿ ಕಡಿಮೆ ವೇಗದಲ್ಲಿ ಬಯಲು ಜಾಗದಲ್ಲಿ ಅಭ್ಯಾಸವಾಗಲಿ. ಇಳಿಜಾರನ್ನು ನೇರವಾಗಿ ಏರಬೇಕು, ನೇರವಾಗಿ ಇಳಿಯಬೇಕು. ಅಡ್ಡಡ್ಡ ಹೋದರೆ ಕುರ್ಚಿ ಪಕ್ಕಕ್ಕೆ ಉರುಳುತ್ತದೆ.

ನಮ್ಮ ಮೇಷ್ಟ್ರ ಮನೆಯಲ್ಲಿ ಕೊನೆಗೆ ಕುರ್ಚಿ ಬದಲಾಯಿತು. 22 ಇಂಚು ಅಗಲದ್ದು ಬಂತು, ಹೊಸ್ತಿಲಿಗೆ ಹಲಗೆ ಬಂತು, ಬಚ್ಚಲುಮನೆಯ ಕದ ಹೋಗಿ ಪರದೆ ಬಂತು. ಈಗ ಸಂಜೆ ಅವರು ಊರಿನ ಅರಳಿಕಟ್ಟೆಯವರೆಗೆ ಒಬ್ಬರೇ ಹೋಗಿ ಬರುತ್ತಾರೆ.

ಕುರ್ಚಿ ಬಂದ ಮೊದಲ ತಿಂಗಳು ಒಂದು ಕೆಲಸ ಮರೆಯಬೇಡಿ. ರಾತ್ರಿ ಮಲಗಿಸುವಾಗ ಕುಂಡೆ, ಬಾಲದ ಮೂಳೆ, ಹಿಮ್ಮಡಿಯ ಚರ್ಮವನ್ನು ದೀಪ ಹಿಡಿದು ನೋಡಿ. ನಮ್ಮ ಮೈಬಣ್ಣದಲ್ಲಿ ಕೆಂಪು ಎದ್ದು ಕಾಣುವುದಿಲ್ಲ; ಸುತ್ತಲಿಗಿಂತ ಕಪ್ಪಾಗಿದೆಯೇ, ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿಯೂ ನೋಡಬೇಕು. ಕುರ್ಚಿಯಿಂದ ಎದ್ದು ಅರ್ಧ ಗಂಟೆಯಾದರೂ ಆ ಗುರುತು ಮಾಸದಿದ್ದರೆ ಮರುದಿನ ಕೂರಿಸಬೇಡಿ. ವೈದ್ಯರಿಗೋ ಥೆರಪಿಸ್ಟಿಗೋ ಅಂದೇ ಫೋನ್ ಮಾಡಿ.